ಎಲ್ಲ ಕೋಶದಲ್ಲೂ ಒಂದೇ ಡಿಎನ್‌ಎ ಇದ್ದರೆ, ನೀನು ಕಣ್ಣಾಗು, ನೀನು ಚರ್ಮವಾಗು ಅಂತ ಮೊದಲು ಹೇಳುವುದು ಯಾರು?

ಬೋರ್ಡು_ಚಾಕ್:
ಸೆಕೆಂಡ್ ಪಿಯುಸಿಗೆ ಬಯಾಲಜಿ ಪಾಠ ಮಾಡುತ್ತೇನೆ. ಜೀನ್ ನಿಯಂತ್ರಣ ಅಂದರೆ ನಮ್ಮ ಪಠ್ಯದಲ್ಲಿ ಮುಖ್ಯವಾಗಿ ಲ್ಯಾಕ್ ಒಪೆರಾನ್. ಬ್ಯಾಕ್ಟೀರಿಯಾಕ್ಕೆ ಲ್ಯಾಕ್ಟೋಸ್ ಸಿಕ್ಕಿತು, ಜೀನನ್ನು ತಡೆದು ಕೂತಿದ್ದ ರಿಪ್ರೆಸರ್ ಪ್ರೋಟೀನ್ ಕಳಚಿತು, ಜೀನ್ ಕೆಲಸ ಶುರು ಮಾಡಿತು. ಇಷ್ಟು ಮಕ್ಕಳಿಗೆ ಸಲೀಸಾಗಿ ಅರ್ಥವಾಗುತ್ತದೆ.

ಈ ಸಲ ಒಬ್ಬ ಹುಡುಗಿ ಮುಂದಿನ ಪ್ರಶ್ನೆ ಕೇಳಿದಳು. "ಸರ್, ಕಣ್ಣಿನಲ್ಲೂ ಚರ್ಮದಲ್ಲೂ ಒಂದೇ ಡಿಎನ್‌ಎ. ಯಾವ ಜೀನ್ ಕೆಲಸ ಮಾಡಬೇಕು ಅಂತ ತೀರ್ಮಾನ ಮಾಡುವುದು ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರ್ ಅನ್ನುವ ಪ್ರೋಟೀನ್. ಆ ಪ್ರೋಟೀನ್ ತಯಾರಾಗುವುದಕ್ಕೂ ಒಂದು ಜೀನ್ ಬೇಕಲ್ವಾ? ಆ ಜೀನನ್ನು ಶುರು ಮಾಡಿದ್ದು ಯಾವುದು? ಅದಕ್ಕೂ ಹಿಂದೆ?"

ಬಹಳ ಒಳ್ಳೆಯ ಪ್ರಶ್ನೆ. ಹೆಸರು ಹೇಳಿ ಮುಂದೆ ಹೋಗಲು ನನಗೆ ಮನಸ್ಸಿಲ್ಲ. ಗೊತ್ತಿರುವವರು ಬಿಡಿಸಿ ಬರೆಯಿರಿ, ಉದ್ದವಾದರೂ ಪರವಾಗಿಲ್ಲ.

ಸುಮ್ನೆ_ಕೇಳ್ದೆ:
ಒಂದೇ ಡಿಎನ್‌ಎ ಅನ್ನುವುದಕ್ಕೆ ಆಧಾರ ಏನು ಸರ್? ಚರ್ಮದ ಕೋಶ ತನಗೆ ಬೇಡದ ಜೀನ್‌ಗಳನ್ನು ಬಿಸಾಡಿರಬಹುದಲ್ವಾ?

ಕಪ್ಪೆ_ಕೊಳ:
ಬಿಸಾಡಿಲ್ಲ. ಜಾನ್ ಗರ್ಡನ್ 1962ರಲ್ಲೇ ಇದನ್ನು ಪರೀಕ್ಷಿಸಿ ತೋರಿಸಿದರು. ಗೊದಮೊಟ್ಟೆಯ ಕರುಳಿನ ಕೋಶದಿಂದ ನ್ಯೂಕ್ಲಿಯಸ್ ತೆಗೆದರು. ಕಪ್ಪೆಯ ಮೊಟ್ಟೆಯೊಂದರ ಸ್ವಂತ ನ್ಯೂಕ್ಲಿಯಸ್ ಹಾಳು ಮಾಡಿ, ಅದರೊಳಗೆ ಇದನ್ನು ಹಾಕಿದರು. ಎಲ್ಲವೂ ಬೆಳೆಯಲಿಲ್ಲ, ಆದರೆ ಕೆಲವು ಮೊಟ್ಟೆಗಳಿಂದ ಈಜಾಡುವ ಗೊದಮೊಟ್ಟೆ ಬಂತು. ಅಂದರೆ ಕರುಳಿನ ಕೋಶದೊಳಗೆ ಕಣ್ಣು, ಮೆದುಳು, ಬಾಲ ಎಲ್ಲದರ ಜೀನ್ ಹಾಗೇ ಇತ್ತು. 1996ರಲ್ಲಿ ಹುಟ್ಟಿದ ಡಾಲಿ ಕುರಿಯದ್ದೂ ಇದೇ ಕಥೆ. ಅದರ ನ್ಯೂಕ್ಲಿಯಸ್ ಬಂದದ್ದು ದೊಡ್ಡ ಕುರಿಯ ಕೆಚ್ಚಲಿನ ಕೋಶದಿಂದ.

ಕಣ್ಣಿನ_ಡಾಕ್ಟ್ರು:
ಒಂದು ತಿದ್ದುಪಡಿ. "ಎಲ್ಲ ಕೋಶ" ಅಂತ ತರಗತಿಯಲ್ಲಿ ಹೇಳಬೇಡಿ ಸರ್. ನಮ್ಮ ಕೆಂಪು ರಕ್ತಕಣದಲ್ಲಿ ನ್ಯೂಕ್ಲಿಯಸ್ಸೇ ಇರುವುದಿಲ್ಲ. ಬಿ ಮತ್ತು ಟಿ ಕೋಶಗಳು ತಮ್ಮ ಕೆಲವು ಜೀನ್ ತುಂಡುಗಳನ್ನು ಕತ್ತರಿಸಿ ಜೋಡಿಸಿಕೊಳ್ಳುತ್ತವೆ. "ಬಹುಪಾಲು ಕೋಶ" ಅಂದರೆ ಸರಿ.

ನೊಣದಮನೆ:
ಸರ್, ಆ ಹುಡುಗಿಯ ಪ್ರಶ್ನೆಗೆ ಹಣ್ಣಿನ ನೊಣದಲ್ಲಿ ನೇರ ಉತ್ತರ ಇದೆ. ಹಿಂದೆ ಹಿಂದೆ ಹೋಗುತ್ತಾ ಇದ್ದರೆ ಕೊನೆಗೆ ಸಿಗುವುದು ತಾಯಿ.

ತಾಯಿ ನೊಣದ ಅಂಡಾಶಯದಲ್ಲಿ ಪ್ರತಿ ಮೊಟ್ಟೆಯ ಜೊತೆ 15 ನರ್ಸ್ ಕೋಶಗಳಿರುತ್ತವೆ. ಅವು ಬೈಕಾಯ್ಡ್ ಅನ್ನುವ ಜೀನಿನ ಎಂಆರ್‌ಎನ್‌ಎ, ಅಂದರೆ ಪ್ರೋಟೀನ್ ಮಾಡಲು ಬೇಕಾದ ನಕಲು, ತಯಾರಿಸಿ ಮೊಟ್ಟೆಯೊಳಗೆ ತುಂಬುತ್ತವೆ. ಅದು ಮೊಟ್ಟೆಯ ಮುಂತುದಿಯಲ್ಲೇ ಕಚ್ಚಿಕೊಂಡು ಕೂರುತ್ತದೆ. ಮೊಟ್ಟೆ ಇಟ್ಟ ಮೇಲೆ ಅದರಿಂದ ಬೈಕಾಯ್ಡ್ ಪ್ರೋಟೀನ್ ತಯಾರಾಗಿ ಹಿಂದಕ್ಕೆ ಹರಡುತ್ತದೆ. ಮುಂದೆ ಜಾಸ್ತಿ, ಹಿಂದೆ ಹೋದಂತೆಲ್ಲ ಕಡಿಮೆ. ಈ ಹಂತದಲ್ಲಿ ಭ್ರೂಣದಲ್ಲಿ ಬೇರೆ ಬೇರೆ ಕೋಶಗಳೇ ಇರುವುದಿಲ್ಲ. ಮೊದಲ 13 ಸುತ್ತು ನ್ಯೂಕ್ಲಿಯಸ್ ಮಾತ್ರ ಎರಡೆರಡಾಗುತ್ತಾ ಹೋಗುತ್ತದೆ, ನಡುವೆ ಪೊರೆ ಬೆಳೆಯುವುದು ಆಮೇಲೆ. ಅದಕ್ಕೇ ಪ್ರೋಟೀನ್ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹರಡಲು ಅಡ್ಡಿಯಿಲ್ಲ. ಭ್ರೂಣದ ಉದ್ದ ಸುಮಾರು ಅರ್ಧ ಮಿಲಿಮೀಟರ್, ಅಷ್ಟೇ.

ತಾಯಿಯಲ್ಲಿ ಬೈಕಾಯ್ಡ್ ಕೆಟ್ಟಿದ್ದರೆ ಮರಿಗೆ ತಲೆಯೂ ಇಲ್ಲ, ಎದೆಯೂ ಇಲ್ಲ. ತಲೆ ಇರಬೇಕಾದ ಕಡೆ ಬಾಲದ ತುದಿಯ ಭಾಗಗಳು ಬರುತ್ತವೆ. ಅಪ್ಪನಿಂದ ಸರಿಯಾದ ಜೀನ್ ಬಂದಿದ್ದರೂ ಏನೂ ಪ್ರಯೋಜನ ಇಲ್ಲ, ಯಾಕಂದರೆ ಈ ಕೆಲಸ ಮರಿಯ ಜೀನಿನದ್ದಲ್ಲ. ಸರಿಯಾದ ಮೊಟ್ಟೆಯ ಮುಂತುದಿಯ ದ್ರವವನ್ನು ತೆಗೆದು ಬೈಕಾಯ್ಡ್ ಇಲ್ಲದ ಮೊಟ್ಟೆಯ ಮಧ್ಯಕ್ಕೆ ಚುಚ್ಚಿದರೆ, ಮಧ್ಯದಲ್ಲೇ ತಲೆಯ ಭಾಗಗಳು ಮೂಡುತ್ತವೆ. ಕ್ರಿಸ್ಟಿಯಾನೆ ನ್ಯೂಸ್ಲೈನ್ ಫೋಲ್‌ಹಾರ್ಡ್ ಅವರ ಲ್ಯಾಬ್ ಮಾಡಿದ ಕೆಲಸ ಇದು. ಈ ಪ್ರೋಟೀನ್ ಮುಂದಿನಿಂದ ಹಿಂದಕ್ಕೆ ಇಳಿಯುತ್ತಾ ಹೋಗುತ್ತದೆ ಅಂತ ಅವರ ಲ್ಯಾಬ್ 1988ರಲ್ಲಿ ತೋರಿಸಿತು. ಅವರಿಗೆ, ಎರಿಕ್ ವೀಶಾಸ್‌ಗೆ, ಎಡ್ವರ್ಡ್ ಲೂಯಿಸ್‌ಗೆ 1995ರ ನೊಬೆಲ್ ಬಂತು.

ಲಾಜಿಕ್_ಗೇಟ್:
ಅಂದರೆ ಸರಪಳಿ ಸರಳವಾಗಿಯೇ ಇದೆ. ಅಮ್ಮನ ಪ್ರೋಟೀನ್ ಇನ್ನೊಂದು ಪ್ರೋಟೀನನ್ನು ಎಬ್ಬಿಸುತ್ತದೆ, ಅದು ಮತ್ತೊಂದನ್ನು. ಕೊನೆಗೆ ಒಂದೊಂದು ಬಗೆಯ ಕೋಶಕ್ಕೆ ಒಂದೊಂದು ಯಜಮಾನ. ಕಣ್ಣಿಗೆ ಪ್ಯಾಕ್ಸ್6, ಸ್ನಾಯುವಿಗೆ ಮಯೋಡಿ. ಮಕ್ಕಳಿಗೆ ಇಷ್ಟು ಹೇಳಿದರೆ ಸಾಕಲ್ವಾ?

ನೊಣದಮನೆ:
ಸಾಲದು. ಇದನ್ನು ನಾನು ಖಂಡಿತ ಒಪ್ಪುವುದಿಲ್ಲ.

ಮನುಷ್ಯರಲ್ಲಿ ಪ್ರೋಟೀನ್ ತಯಾರಿಸುವ ಜೀನ್ ಸುಮಾರು 20,000. ಅದರಲ್ಲಿ ಸುಮಾರು 1,600 ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರ್‌ಗಳದ್ದು. ಒಬ್ಬೊಬ್ಬರು ಒಂದೊಂದು ಕೋಶಕ್ಕೆ ಯಜಮಾನ ಆಗಿದ್ದರೆ, ಒಂದೇ ಫ್ಯಾಕ್ಟರ್ ಐದಾರು ಕಡೆ ಬೇರೆ ಬೇರೆ ಕೆಲಸ ಮಾಡುವುದು ಹೇಗೆ? ಪ್ಯಾಕ್ಸ್6 ಕಣ್ಣಿನಲ್ಲಷ್ಟೇ ಇಲ್ಲ. ಮೆದುಳಿನಲ್ಲಿದೆ, ಮೇದೋಜೀರಕ ಗ್ರಂಥಿಯಲ್ಲೂ ಇದೆ. ಅಲ್ಲಿ ಯಾಕೆ ಕಣ್ಣು ಮೂಡುವುದಿಲ್ಲ?

ನಿಜವಾದ ಲೆಕ್ಕ ನೋಡಬೇಕಾದರೆ ನೊಣದ ಭ್ರೂಣದ ಈವನ್ ಸ್ಕಿಪ್ಡ್ ಜೀನ್ ನೋಡಿ. ಭ್ರೂಣದ ಸುತ್ತ 7 ಪಟ್ಟೆಯಲ್ಲಿ ಅದು ಕೆಲಸ ಮಾಡುತ್ತದೆ. ಎರಡನೇ ಪಟ್ಟೆಗೆ ಅಂತಲೇ ಡಿಎನ್‌ಎಯ ಒಂದು ಚಿಕ್ಕ ತುಂಡು ಇದೆ, ಎನ್‌ಹಾನ್ಸರ್ ಅನ್ನುತ್ತಾರೆ. ಅದಕ್ಕೆ ಬೈಕಾಯ್ಡ್ ಮತ್ತು ಹಂಚ್‌ಬ್ಯಾಕ್ ಪ್ರೋಟೀನ್‌ಗಳು ಬಂದು ಕೂತರೆ ಜೀನ್ ಶುರುವಾಗುತ್ತದೆ. ಜಯಂಟ್ ಅಥವಾ ಕ್ರೂಪೆಲ್ ಅನ್ನುವ ಪ್ರೋಟೀನ್ ಬಂದು ಕೂತರೆ ನಿಲ್ಲುತ್ತದೆ. ಜಯಂಟ್ ಇರುವುದು ಪಟ್ಟೆಯ ಮುಂದೆ, ಕ್ರೂಪೆಲ್ ಇರುವುದು ಹಿಂದೆ. ಇವೆರಡರ ನಡುವೆ ಉಳಿದ ಸಣ್ಣ ಜಾಗದಲ್ಲಿ ಮಾತ್ರ ಪಟ್ಟೆ ಮೂಡುತ್ತದೆ. ಬ್ಯಾಂಕ್ ಲಾಕರ್ ನೆನಪಿಸಿಕೊಳ್ಳಿ. ನಿಮ್ಮ ಕೀಲಿಯೂ ಬೇಕು, ಬ್ಯಾಂಕಿನವರ ಕೀಲಿಯೂ ಬೇಕು. ಒಬ್ಬರೇ ಹೋದರೆ ತೆಗೆಯುವುದಿಲ್ಲ.

ಲಾಜಿಕ್_ಗೇಟ್:
ಇದು ನನ್ನ ಭಾಷೆಯಲ್ಲೇ ಇದೆ. ಎರಡು ಇರಬೇಕು, ಎರಡು ಇರಬಾರದು. ಒಪ್ಪಿದೆ. ಆದರೂ 1995ರ ಆ ಪ್ರಯೋಗಕ್ಕೆ ಏನು ಹೇಳುತ್ತೀರಿ? ವಾಲ್ಟರ್ ಗೆರಿಂಗ್ ಲ್ಯಾಬಿನವರು ಐಲೆಸ್ ಅನ್ನುವ, ಪ್ಯಾಕ್ಸ್6ನ ನೊಣದ ರೂಪವಾದ ಒಂದೇ ಒಂದು ಜೀನ್ ಶುರು ಮಾಡಿ ನೊಣದ ಕಾಲಿನ ಮೇಲೆ, ರೆಕ್ಕೆಯ ಮೇಲೆ ಕಣ್ಣು ಮೂಡಿಸಿದರಲ್ಲ. ಇಲಿಯ ಪ್ಯಾಕ್ಸ್6 ಹಾಕಿದರೂ ಕಣ್ಣು ಬಂತು.

ಸುಮ್ನೆ_ಕೇಳ್ದೆ:
ಇಲಿಯ ಜೀನ್ ಹಾಕಿದರೆ ನೊಣಕ್ಕೆ ಇಲಿಯ ಕಣ್ಣು ಬಂತಾ??

ಲಾಜಿಕ್_ಗೇಟ್:
ಇಲ್ಲ, ನೊಣದ ಕಣ್ಣೇ. ಮಾಮೂಲಿ ಕಣ್ಣಿನಷ್ಟು ಮಸೂರ ಇರುವಂಥದ್ದಲ್ಲ, ಸಣ್ಣದು, ಆದರೆ ನೊಣದ ಥರದ್ದೇ.

ನೊಣದಮನೆ:
ನಿಮ್ಮ ಉತ್ತರದಲ್ಲೇ ನನ್ನ ವಾದ ಇದೆ ನೋಡಿ. ಇಲಿಯ ಪ್ರೋಟೀನ್ ಹೇಳಿದ್ದು "ಕಣ್ಣು" ಅಂತ ಮಾತ್ರ. ಎಂಥ ಕಣ್ಣು ಅಂತ ತೀರ್ಮಾನಿಸಿದ್ದು ಅದು ಹೋಗಿ ಕೂತ ನೊಣದ ಡಿಎನ್‌ಎ ಮತ್ತು ಅಲ್ಲಿ ಮೊದಲೇ ಇದ್ದ ಪ್ರೋಟೀನ್‌ಗಳು. ಇನ್ನೊಂದು ವಿಷಯ. ಆ ಕಣ್ಣುಗಳು ಮೂಡಿದ್ದು ಮರಿಹುಳುವಿನ ಒಳಗಿರುವ ಡಿಸ್ಕ್‌ಗಳಲ್ಲಿ, ಅಂದರೆ ಮುಂದೆ ಕಾಲೋ ರೆಕ್ಕೆಯೋ ಆಗಲು ಇನ್ನೂ ತಯಾರಾಗುತ್ತಿರುವ ಅಂಗಾಂಶದಲ್ಲಿ. ಅಲ್ಲೂ ಎಲ್ಲ ಜಾಗದಲ್ಲಿ ಬರುವುದಿಲ್ಲ. ಐಸ್ ಆಬ್ಸೆಂಟ್, ಡ್ಯಾಕ್ಸ್‌ಹುಂಡ್ ಅನ್ನುವ ಬೇರೆ ಜೀನ್‌ಗಳಿಂದಲೂ ಹೀಗೆ ಕಣ್ಣು ಮೂಡಿಸಬಹುದು ಅಂತ ಆಮೇಲೆ ಗೊತ್ತಾಯಿತು. ಇವೆಲ್ಲ ಒಂದನ್ನೊಂದು ಎಬ್ಬಿಸುವ ಗುಂಪು. ಇದರಲ್ಲಿ ಯಾರನ್ನು ಯಜಮಾನ ಅನ್ನುತ್ತೀರಿ?

ಕಣ್ಣಿನ_ಡಾಕ್ಟ್ರು:
ಪ್ಯಾಕ್ಸ್6 ನನಗೆ ಪುಸ್ತಕದ ವಿಷಯ ಅಲ್ಲ. ಐರಿಸ್ ಇಲ್ಲದೆ ಹುಟ್ಟುವ ಮಕ್ಕಳು ನಮ್ಮ ಹತ್ತಿರ ಬರುತ್ತಾರೆ. ಕಣ್ಣಿನಲ್ಲಿ ಬಣ್ಣದ ಉಂಗುರವೇ ಇರುವುದಿಲ್ಲ, ಬಿಸಿಲಿಗೆ ಬಂದರೆ ಕಣ್ಣು ಬಿಡಲು ಆಗುವುದಿಲ್ಲ. ಅನಿರಿಡಿಯಾ ಅನ್ನುತ್ತೇವೆ. ಹೆಚ್ಚಿನವರಲ್ಲಿ ಪ್ಯಾಕ್ಸ್6ನ ಎರಡು ಪ್ರತಿಗಳಲ್ಲಿ ಒಂದು ಕೆಟ್ಟಿರುತ್ತದೆ.

ಇಲ್ಲಿ ಗಮನಿಸಬೇಕಾದದ್ದು, ಇನ್ನೊಂದು ಪ್ರತಿ ಸರಿಯಾಗಿಯೇ ಇದೆ. ಪ್ರೋಟೀನ್ ಇದೆ, ಆದರೆ ಸಾಕಾಗುವಷ್ಟಿಲ್ಲ. ಅಷ್ಟಕ್ಕೇ ಕಣ್ಣಿನ ಬೆಳವಣಿಗೆ ಏರುಪೇರಾಗುತ್ತದೆ. ಇದೆಯೋ ಇಲ್ಲವೋ ಅನ್ನುವುದಷ್ಟೇ ಅಲ್ಲ, ಎಷ್ಟಿದೆ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. ನಿಮ್ಮ ಹೌದು ಅಲ್ಲ ಲಾಜಿಕ್‌ನಲ್ಲಿ ಇದು ಕೂರುವುದಿಲ್ಲ, ಲಾಜಿಕ್_ಗೇಟ್ ಅವರೇ.

ತಂದೆ ತಾಯಿಗೆ ಇದನ್ನು ವಿವರಿಸುವಾಗ ಮೊದಲು ಹೇಳುವುದು, ಗರ್ಭಿಣಿಯಾಗಿದ್ದಾಗ ಗ್ರಹಣ ನೋಡಿದ್ದಕ್ಕೆ ಹೀಗಾಗಲಿಲ್ಲ ಅಂತ. ಆ ಅಪವಾದ ಹೊತ್ತುಕೊಂಡು ಬರುವ ತಾಯಂದಿರನ್ನು ನೋಡಿ ಬಹಳ ಸಂಕಟ ಆಗುತ್ತದೆ.

ಸೊಸೆ_ಹಾಸನ:
ಡಾಕ್ಟ್ರೇ, ಈ ಕೊನೆಯ ಮಾತು ಬರೆದದ್ದಕ್ಕೆ ತುಂಬಾ ಥ್ಯಾಂಕ್ಸ್. ನಮ್ಮ ಅತ್ತೆಗೆ ಓದಿ ಹೇಳಿದೆ.

ಕಪ್ಪೆ_ಕೊಳ:
ಮಯೋಡಿ ವಿಷಯದಲ್ಲೂ ಇದೇ ಜಗಳ ಇದೆ. 1987ರಲ್ಲಿ ಹೆರಾಲ್ಡ್ ವೈನ್‌ಟ್ರಾಬ್ ಲ್ಯಾಬಿನವರು ಫೈಬ್ರೊಬ್ಲಾಸ್ಟ್ (ಅಂಗಾಂಶಗಳನ್ನು ಜೋಡಿಸಿ ಹಿಡಿಯುವ) ಕೋಶಗಳಿಗೆ ಈ ಒಂದೇ ಜೀನ್ ಹಾಕಿ ಸ್ನಾಯು ಕೋಶ ಮಾಡಿದರು. ದೊಡ್ಡ ಸುದ್ದಿ. ಆದರೆ ಎಲ್ಲ ಬಗೆಯ ಕೋಶದಲ್ಲೂ ಅಷ್ಟೇ ಚೆನ್ನಾಗಿ ಫಲ ಸಿಗಲಿಲ್ಲ. 1992ರಲ್ಲಿ ಮಯೋಡಿ ಪೂರ್ತಿ ತೆಗೆದ ಇಲಿ ಮಾಡಿದರು. ಇಲಿಗೆ ಸ್ನಾಯು ಇತ್ತು, ಓಡಾಡಿಕೊಂಡಿತ್ತು! ಅದರ ಜೊತೆಗಾರ ಮಿಫ್5 ಕೆಲಸ ನಿಭಾಯಿಸಿತ್ತು. ಎರಡನ್ನೂ ತೆಗೆದ ಮೇಲೆಯೇ ಸ್ನಾಯು ಇಲ್ಲದ ಇಲಿಮರಿ ಹುಟ್ಟಿ, ಹುಟ್ಟಿದ ಕೂಡಲೇ ಸತ್ತದ್ದು.

ರಾಮನಗರದ_ರೇಷ್ಮೆ:
ನಾನು ಬಿಎಸ್ಸಿ ಸೆರಿಕಲ್ಚರ್ ಓದಿದವನು, ಮನೆಯಲ್ಲಿ ಈಗಲೂ ಹುಳ ಮೇಯಿಸುತ್ತೇವೆ. ನೊಣ ನೊಣ ಅನ್ನುತ್ತಿದ್ದೀರಲ್ಲ, ನಮ್ಮ ರೇಷ್ಮೆ ಹುಳದ ಕಥೆಯೂ ಕೇಳಿ. ಕರ್ನಾಟಕದ ತರಗತಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ ಅನ್ನುವುದು ನನ್ನ ಅಭಿಪ್ರಾಯ.

ಗೂಡಿನ ಎಳೆಯಲ್ಲಿ ಎರಡು ಪ್ರೋಟೀನ್. ಒಳಗಿನ ಗಟ್ಟಿ ಎಳೆ ಫೈಬ್ರಾಯಿನ್. ಹೊರಗಿನ ಅಂಟು ಸೆರಿಸಿನ್, ನೂಲು ಬಿಚ್ಚುವ ಮುಂಚೆ ಗೂಡನ್ನು ಬಿಸಿ ನೀರಿನಲ್ಲಿ ಬೇಯಿಸುವುದು ಅದನ್ನು ಸಡಿಲ ಮಾಡಲು. ರೇಷ್ಮೆ ಗ್ರಂಥಿ ಒಂದೇ ಉದ್ದ ನಳಿಕೆ. ಅದರ ಹಿಂಭಾಗದ ಕೋಶ ಫೈಬ್ರಾಯಿನ್ ಮಾತ್ರ ಮಾಡುತ್ತದೆ, ಮಧ್ಯಭಾಗದ ಕೋಶ ಸೆರಿಸಿನ್ ಮಾತ್ರ. ಎರಡರಲ್ಲೂ ಎರಡೂ ಜೀನ್ ಇವೆ! ಹಿಂಭಾಗದಲ್ಲಿ ಫೈಬ್ರಾಯಿನ್ ಜೀನನ್ನು ಎಬ್ಬಿಸುವ ಫ್ಯಾಕ್ಟರ್‌ಗಳಲ್ಲಿ ಒಂದು ಫೋರ್ಕ್ ಹೆಡ್. ಮಧ್ಯಭಾಗದಲ್ಲಿ ಸೆರಿಸಿನ್ ಜೀನಿಗೆ ಆಂಟೆನಪೀಡಿಯಾ ಅನ್ನುವ ಹಾಕ್ಸ್ ಗುಂಪಿನ ಪ್ರೋಟೀನ್ ಬೇಕು (ದೇಹದ ಯಾವ ಖಂಡ ಏನಾಗಬೇಕು ಅಂತ ಹೇಳುವ ಗುಂಪು ಅದು).

ಇದೆಲ್ಲ ತೀರ್ಮಾನ ಆಗುವುದು ಮೊಟ್ಟೆಯೊಳಗೇ. ಗ್ರಂಥಿಯ ಕೋಶಗಳ ಸಂಖ್ಯೆ ಭ್ರೂಣದಲ್ಲೇ ಮುಗಿದುಹೋಗುತ್ತದೆ. ಚಾಕಿಯಿಂದ (ಎಳೆ ಹುಳದ ಹಂತ) ನಾಲ್ಕನೇ ಜ್ವರ (ಪೊರೆ ಬಿಡುವುದು) ದಾಟಿ ಹುಳ ಹಣ್ಣಾಗುವವರೆಗೆ, ಅಂದರೆ ಗೂಡು ಕಟ್ಟಲು ತಯಾರಾಗುವವರೆಗೆ, ಒಂದು ಕೋಶವೂ ಹೊಸದಾಗಿ ಸೇರುವುದಿಲ್ಲ. ಇರುವ ಕೋಶವೇ ಒಳಗೊಳಗೆ ಡಿಎನ್‌ಎ ಪ್ರತಿ ಹೆಚ್ಚಿಸಿಕೊಂಡು ದೊಡ್ಡದಾಗುತ್ತದೆ, ಲಕ್ಷಗಟ್ಟಲೆ ಪ್ರತಿ.

ನೊಣದಮನೆ:
ಅಣ್ಣಾ, ಇದಕ್ಕೆ ಒಂದು ಸೇರಿಸುತ್ತೇನೆ. ನೊಣದ ಜೊಲ್ಲು ಗ್ರಂಥಿಯೂ ರೇಷ್ಮೆ ಗ್ರಂಥಿಯೂ ಹುಟ್ಟುವುದು ದೇಹದ ಒಂದೇ ಜಾಗದಲ್ಲಿ, ಕೆಳತುಟಿ ಆಗುವ ಖಂಡದಲ್ಲಿ. ನೊಣದಲ್ಲಿ ಅಲ್ಲಿ ಎಸ್‌ಸಿಆರ್ ಅನ್ನುವ ಹಾಕ್ಸ್ ಪ್ರೋಟೀನ್ ಫೋರ್ಕ್ ಹೆಡ್ ಜೀನನ್ನು ಶುರು ಮಾಡುತ್ತದೆ.

ಫೋರ್ಕ್ ಹೆಡ್‌ನ ನೆಂಟ ನಮ್ಮ ಮೈಯಲ್ಲೂ ಇದ್ದಾನೆ. ಹೆಸರು ಫಾಕ್ಸ್‌ಎ, ಪಿತ್ತಜನಕಾಂಗ ಬೆಳೆಯಲು ಅದು ಬೇಕೇ ಬೇಕು. ಡಿಎನ್‌ಎ ಹಿಸ್ಟೋನ್ ಅನ್ನುವ ಪ್ರೋಟೀನ್‌ಗಳ ಮೇಲೆ ಬಿಗಿಯಾಗಿ ಸುತ್ತಿಕೊಂಡಿದ್ದರೆ ಬಹಳಷ್ಟು ಫ್ಯಾಕ್ಟರ್‌ಗಳಿಗೆ ಒಳಗೆ ಹೋಗಲು ಆಗುವುದಿಲ್ಲ. ಫಾಕ್ಸ್‌ಎ ಅಂಥ ಕಡೆಯೂ ಹೋಗಿ ಕೂರುತ್ತದೆ, ಬೇರೆಯವರಿಗೆ ದಾರಿ ಬಿಡಿಸುತ್ತದೆ. ಇಂಥವನ್ನು ಪಯೊನಿಯರ್ ಫ್ಯಾಕ್ಟರ್ ಅನ್ನುತ್ತಾರೆ. ಒಂದೇ ಮನೆತನದ ಪ್ರೋಟೀನ್ ಅಲ್ಲಿ ರೇಷ್ಮೆ, ಇಲ್ಲಿ ಪಿತ್ತಜನಕಾಂಗ. ಯಜಮಾನ ಅನ್ನುವ ಮಾತು ಬಿಡಿ ಅಂತ ನಾನು ಹಟ ಹಿಡಿಯುವುದು ಇದಕ್ಕೇ. ಒಂದು ಫ್ಯಾಕ್ಟರ್ ಏನು ಮಾಡುತ್ತದೆ ಅನ್ನುವುದು ಅದು ಬರುವ ಮುಂಚೆ ಆ ಕೋಶದಲ್ಲಿ ಏನೇನು ನಡೆದಿದೆ ಅನ್ನುವುದರ ಮೇಲೆ ನಿಂತಿದೆ.

ರಾಮನಗರದ_ರೇಷ್ಮೆ:
ಭಲೇ! ಪಿತ್ತಜನಕಾಂಗದ ವಿಷಯ ನನಗೆ ಹೊಸದು. ಇನ್ನೊಂದು, ರೇಷ್ಮೆ ಹುಳದಲ್ಲೂ ಕಾಲು ತಪ್ಪು ಜಾಗಕ್ಕೆ ಬರುವ ತಳಿಗಳಿವೆ. ಜಪಾನಿನವರು ಇ ಕಾಂಪ್ಲೆಕ್ಸ್ ಅಂತ ಬಹಳ ಹಿಂದೆಯೇ ಅವುಗಳ ಅಧ್ಯಯನ ಮಾಡಿದ್ದಾರೆ. ಅದರ ಒಂದು ರೂಪದಲ್ಲಿ ಎರಡೂ ಪ್ರತಿ ಕೆಟ್ಟರೆ ಭ್ರೂಣದ ಹೊಟ್ಟೆಯ ಖಂಡಗಳಲ್ಲೂ ಎದೆಯ ಕಾಲಿನಂಥ ಕಾಲು ಮೂಡುತ್ತದೆ, ಮರಿ ಮೊಟ್ಟೆಯಲ್ಲೇ ಸಾಯುತ್ತದೆ. ಹಾಕ್ಸ್ ಗುಂಪಿನ ಎರಡು ಜೀನ್ ಅಲ್ಲಿ ಇಲ್ಲದಿರುವುದೇ ಕಾರಣ.

ಬೋರ್ಡು_ಚಾಕ್:
ಎಲ್ಲರಿಗೂ ಧನ್ಯವಾದ, ತುಂಬಾ ಉಪಯೋಗ ಆಗುತ್ತಿದೆ. ಆದರೆ ನನ್ನ ಹುಡುಗಿ ಬಿಡುವವಳಲ್ಲ. ಮನುಷ್ಯರ ಅಂಡದಲ್ಲೂ ತಾಯಿ ಬೈಕಾಯ್ಡ್ ಇಟ್ಟಿರುತ್ತಾಳಾ ಅಂತ ಕೇಳೇ ಕೇಳುತ್ತಾಳೆ.

ಸ್ಟೆಮ್‌ಸೆಲ್_ಶಿರಸಿ:
ಇಲ್ಲ ಸರ್. ನಮ್ಮಲ್ಲಿರಲಿ, ರೇಷ್ಮೆ ಹುಳದಲ್ಲೇ ಬೈಕಾಯ್ಡ್ ಇಲ್ಲ, ಸೊಳ್ಳೆಯಲ್ಲೂ ಇಲ್ಲ. ಅದು ನೊಣಗಳ ಒಂದು ಗುಂಪಿಗೆ ಮಾತ್ರ ಸೇರಿದ್ದು. ಇದನ್ನು ಎಲ್ಲ ಜೀವಿಗಳ ನಿಯಮ ಅಂತ ಹೇಳಿಬಿಟ್ಟರೆ ತಪ್ಪಾಗುತ್ತದೆ.

ಸಸ್ತನಿಗಳಲ್ಲಿ ಮೊದಲ ಆಯ್ಕೆ ನಡೆಯುವುದು ಜಾಗ ನೋಡಿ. ನಿಮ್ಮ ಪಠ್ಯದಲ್ಲೇ ಬ್ಲಾಸ್ಟೊಸಿಸ್ಟ್ (ಕೆಲವೇ ದಿನದ ಭ್ರೂಣ) ಚಿತ್ರ ಇದೆಯಲ್ಲ, ಹೊರಗೆ ಟ್ರೊಫೊಬ್ಲಾಸ್ಟ್ ಅನ್ನುವ ಕೋಶಗಳ ಪದರ, ಒಳಗೆ ಒಂದು ಕಡೆ ಕೋಶಗಳ ಗುಂಪು. ಹೊರಗಿನದು ಮಾಸು ಆಗುವ ಕಡೆ ಹೋಗುತ್ತದೆ, ಒಳಗಿನದರಿಂದ ಮಗು. ಇಲಿಯಲ್ಲಿ ಇದನ್ನು ಚೆನ್ನಾಗಿ ಬಿಡಿಸಿದ್ದಾರೆ. 16 ಕೋಶದ ಹೊತ್ತಿಗೆ ಕೆಲವು ಹೊರಗೆ, ಕೆಲವು ಒಳಗೆ ಸೇರುತ್ತವೆ. ಹೊರಗಿನ ಕೋಶಕ್ಕೆ ಒಂದು ಮುಖ ಖಾಲಿ ಇರುತ್ತದೆ, ಅಲ್ಲಿ ಇನ್ನೊಂದು ಕೋಶ ತಾಗಿರುವುದಿಲ್ಲ. ಅಂಥ ಕೋಶದಲ್ಲಿ ಯಾಪ್ ಅನ್ನುವ ಪ್ರೋಟೀನ್ ನ್ಯೂಕ್ಲಿಯಸ್ಸಿಗೆ ಹೋಗಿ ಟೀಡ್4 ಅನ್ನುವ ಫ್ಯಾಕ್ಟರ್ ಜೊತೆ ಸೇರಿ ಸಿಡಿಎಕ್ಸ್2 ಜೀನನ್ನು ಶುರು ಮಾಡುತ್ತದೆ. ಒಳಗಿನ ಕೋಶದಲ್ಲಿ ಯಾಪ್ ನ್ಯೂಕ್ಲಿಯಸ್ಸಿನ ಹೊರಗೇ ಉಳಿಯುತ್ತದೆ. ಅಲ್ಲಿ ಆಕ್ಟ್4, ನ್ಯಾನೊಗ್ ಅನ್ನುವ ಜೀನ್‌ಗಳು ಮುಂದುವರಿಯುತ್ತವೆ. ಸಿಡಿಎಕ್ಸ್2 ಮತ್ತು ಆಕ್ಟ್4 ಒಂದನ್ನೊಂದು ಅದುಮುತ್ತವೆ. ಅದಕ್ಕೇ ಸ್ವಲ್ಪ ವ್ಯತ್ಯಾಸ ಬಂದರೂ ಕೋಶ ಒಂದು ಕಡೆಗೆ ವಾಲಿಬಿಡುತ್ತದೆ.

ಹಾಗಂತ ತಾಯಿಯ ಪಾಲು ಇಲ್ಲವೆಂದಲ್ಲ. ಮೊದಲ ವಿಭಜನೆಗಳು ನಡೆಯುವುದು ಅಂಡದಲ್ಲಿ ತಾಯಿ ಇಟ್ಟ ಪ್ರೋಟೀನ್, ಎಂಆರ್‌ಎನ್‌ಎಯಿಂದಲೇ. ಮನುಷ್ಯರಲ್ಲಿ ಭ್ರೂಣದ ಸ್ವಂತ ಜೀನ್‌ಗಳು ದೊಡ್ಡ ಮಟ್ಟದಲ್ಲಿ ಏಳುವುದು 4ರಿಂದ 8 ಕೋಶದ ಹಂತದಲ್ಲಿ.

ಲಾಜಿಕ್_ಗೇಟ್:
ಹಾಗಾದರೆ ಒಮ್ಮೆ ವಾಲಿದ್ದು ಮತ್ತೆ ತಿರುಗುವುದೇ ಇಲ್ವಾ?

ಸ್ಟೆಮ್‌ಸೆಲ್_ಶಿರಸಿ:
ಭ್ರೂಣದಲ್ಲಿ ತಾನಾಗಿ ತಿರುಗುವುದು ಅಪರೂಪ. ಲ್ಯಾಬಿನಲ್ಲಿ ತಿರುಗಿಸಿದ್ದಾರೆ. 2006ರಲ್ಲಿ ಶಿನ್ಯಾ ಯಮನಾಕ 24 ಜೀನ್‌ಗಳ ಪಟ್ಟಿಯಿಂದ ಶುರು ಮಾಡಿ ಕೊನೆಗೆ 4ಕ್ಕೆ ಇಳಿಸಿದರು. ಆಕ್ಟ್4, ಸಾಕ್ಸ್2, ಕೆಎಲ್‌ಎಫ್4, ಸಿ ಮಿಕ್. ಇಲಿಯ ಫೈಬ್ರೊಬ್ಲಾಸ್ಟ್‌ಗೆ ಈ ನಾಲ್ಕು ಹಾಕಿದಾಗ ಭ್ರೂಣದ ಸ್ಟೆಮ್ ಸೆಲ್‌ನಂಥ, ಅಂದರೆ ದೇಹದ ಯಾವ ಬಗೆಯ ಕೋಶ ಬೇಕಾದರೂ ಆಗಬಲ್ಲ ಕೋಶ ಬಂತು. ನಾಲ್ಕೂ ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರ್. ಆದರೆ ಹಾಕಿದ ಕೋಶಗಳಲ್ಲಿ ನೂರಕ್ಕೆ ಒಂದೂ ಪೂರ್ತಿ ತಿರುಗಲಿಲ್ಲ. ಹಳೆಯ ಗುರುತು ಅಷ್ಟು ಸುಲಭಕ್ಕೆ ಅಳಿಸುವುದಿಲ್ಲ. 2012ರಲ್ಲಿ ಅವರಿಗೂ ಗರ್ಡನ್‌ಗೂ ಒಟ್ಟಿಗೆ ನೊಬೆಲ್ ಬಂತು.

ಫಾರ್ಮಸಿ_ಗದಗ:
ಔಷಧಿಯವನಾಗಿ ಒಂದು ಮಾತು ಹೇಳಲೇಬೇಕು. ಥಾಲಿಡೊಮೈಡ್ ಮಾತ್ರೆಯ ಹೆಸರು ಕೇಳಿರುತ್ತೀರಿ. 1957ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ಮಾರಾಟಕ್ಕೆ ಬಂತು. ಗರ್ಭಿಣಿಯರು ವಾಂತಿ ನಿಲ್ಲಲಿ ಅಂತ ತೆಗೆದುಕೊಂಡರು. 1961ರ ಕೊನೆಗೆ ವಾಪಸ್ ತೆಗೆಯುವ ಹೊತ್ತಿಗೆ ಹಲವು ದೇಶಗಳಲ್ಲಿ ಕೈಕಾಲು ಬೆಳೆಯದ ಸಾವಿರಾರು ಮಕ್ಕಳು ಹುಟ್ಟಿದ್ದರು.

ಯಾಕೆ ಹಾಗಾಯಿತು ಅನ್ನುವ ಕೊಂಡಿ ಬಹಳ ತಡವಾಗಿ ಸಿಕ್ಕಿತು. ಈ ಔಷಧಿ ಅಂಟಿಕೊಳ್ಳುವುದು ಸೆರೆಬ್ಲಾನ್ ಅನ್ನುವ ಪ್ರೋಟೀನಿಗೆ ಅಂತ 2010ರಲ್ಲಿ ಗೊತ್ತಾಯಿತು. ಅಂಟಿಕೊಂಡಾಗ ಕೋಶ ಎಸ್‌ಎಎಲ್‌ಎಲ್4 ಅನ್ನುವ ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರನ್ನು ಒಡೆದುಹಾಕುತ್ತದೆ ಅಂತ 2018ರಲ್ಲಿ ತಿಳಿಯಿತು. ಹುಟ್ಟಿನಿಂದಲೇ ಆ ಜೀನ್ ಕೆಟ್ಟವರಲ್ಲೂ ತೋಳು, ಹೆಬ್ಬೆರಳಿನ ತೊಂದರೆ ಹಾಗೇ ಕಾಣುತ್ತದೆ. ಇಲಿಯ ಸೆರೆಬ್ಲಾನ್ ಸ್ವಲ್ಪ ಬೇರೆ, ಅದಕ್ಕೆ ಇಲಿಯಲ್ಲಿ ಈ ತೊಂದರೆ ಕಾಣುವುದಿಲ್ಲ. ಅಪಾಯ ಇದ್ದದ್ದು ಗರ್ಭದ ಮೊದಲ ಕೆಲವು ವಾರಗಳಲ್ಲಿ, ಕೈಕಾಲಿನ ಮೊಗ್ಗು ಮೂಡುವ ಹೊತ್ತಿನಲ್ಲಿ. ಎಷ್ಟೋ ಹೆಂಗಸರಿಗೆ ತಾವು ಗರ್ಭಿಣಿ ಅಂತ ಸರಿಯಾಗಿ ಗೊತ್ತಾಗುವುದೇ ಆಗ. ಅದಕ್ಕೇ ಅಂಗಡಿಗೆ ಬಂದು ವಾಂತಿ ಮಾತ್ರೆ ಕೊಡಿ ಅಂದರೆ ಚೀಟಿ ಇಲ್ಲದೆ ನಾನು ಕೊಡುವುದಿಲ್ಲ. ಬೈದುಕೊಂಡು ಹೋದರೂ ಸರಿ.

ಸುಮ್ನೆ_ಕೇಳ್ದೆ:
ಆರು ಬೆರಳೂ ಇದೇ ಥರಾನಾ? ನಮ್ಮ ಮಾವನ ಮಗನಿಗೆ ಹೆಬ್ಬೆರಳ ಪಕ್ಕ ಇನ್ನೊಂದಿದೆ. ಮನೆಯಲ್ಲಿ ಅದೃಷ್ಟ ಅನ್ನುತ್ತಾರೆ.

ನೊಣದಮನೆ:
ಆರನೇ ಬೆರಳಿಗೆ ಕಾರಣ ಹಲವು. ಹೆಬ್ಬೆರಳ ಕಡೆ ಬರುವುದರಲ್ಲಿ ಒಂದು ಕಾರಣ ಬಹಳ ಸೊಗಸಾಗಿದೆ. ಸಾನಿಕ್ ಹೆಡ್ಜ್‌ಹಾಗ್ ಅನ್ನುವ ಜೀನನ್ನು ಕೈಕಾಲಿನ ಮೊಗ್ಗಿನಲ್ಲಿ ಶುರು ಮಾಡಲು ಒಂದು ಎನ್‌ಹಾನ್ಸರ್ ಇದೆ, ಹೆಸರು ಜೆಡ್‌ಆರ್‌ಎಸ್. ಅದು ಇರುವುದು ಜೀನಿನಿಂದ ಸುಮಾರು 10 ಲಕ್ಷ ಡಿಎನ್‌ಎ ಅಕ್ಷರ ದೂರ, ಇನ್ನೊಂದು ಜೀನಿನ ಹೊಟ್ಟೆಯೊಳಗೆ. ಅದರಲ್ಲಿ ಒಂದೇ ಅಕ್ಷರ ಬದಲಾದರೂ ಜೀನ್ ಬೇಡದ ಕಡೆ ಎದ್ದು ಹೆಚ್ಚುವರಿ ಬೆರಳು ಬರಬಹುದು. ಪ್ರೋಟೀನ್‌ಗಳು ಎಲ್ಲ ಸರಿಯಾಗಿವೆ, ಅವು ಬಂದು ಕೂರುವ ಜಾಗ ಮಾತ್ರ ಬದಲಾಗಿದೆ. ಹಾವುಗಳಲ್ಲಿ ಇದೇ ತುಂಡು ಕೆಟ್ಟುಹೋಗಿದೆ. ಇಲಿಯ ಜೆಡ್‌ಆರ್‌ಎಸ್ ತೆಗೆದು ಹಾವಿನದನ್ನು ಇಟ್ಟಾಗ ಇಲಿಯ ಕಾಲು ಮೊಟಕಾಯಿತು.

ಸುಮ್ನೆ_ಕೇಳ್ದೆ:
10 ಲಕ್ಷ ಅಕ್ಷರ ದೂರದಿಂದ ಹೇಗೆ ತಲುಪುತ್ತದೆ?

ನೊಣದಮನೆ:
ಡಿಎನ್‌ಎ ನೇರವಾಗಿ ಚಾಚಿಕೊಂಡಿರುವುದಿಲ್ಲ. ಮಡಚಿಕೊಂಡಾಗ ಆ ದೂರದ ತುಂಡು ಜೀನಿನ ಹತ್ತಿರ ಬರುತ್ತದೆ.

ಬೋರ್ಡು_ಚಾಕ್:
ತರಗತಿಯಲ್ಲಿ ಕಣ್ಣಾರೆ ತೋರಿಸಲು ಏನಾದರೂ ಇದೆಯಾ? ನಮ್ಮ ಕಾಲೇಜಿನಲ್ಲಿ ಇರುವುದು ಸಾಧಾರಣ ಮೈಕ್ರೋಸ್ಕೋಪ್, ಒಂದೆರಡು ಲೆನ್ಸ್.

ನೊಣದಮನೆ:
ಸಾಕು ಸರ್. ಕಳಿತ ಬಾಳೆಹಣ್ಣು ಬಾಟಲಿಯಲ್ಲಿ ತೆರೆದಿಡಿ, ಹಣ್ಣಿನ ನೊಣ ತಾನಾಗಿ ಬರುತ್ತದೆ. ನೊಣಕ್ಕೆ ರೆಕ್ಕೆ ಒಂದೇ ಜೊತೆ. ಎರಡನೇ ಜೊತೆ ಇರಬೇಕಾದ ಕಡೆ ಸಣ್ಣ ಗುಂಡುಸೂಜಿಯಂತೆ ಎರಡು ಕಾಣುತ್ತವೆ, ಹಾಲ್ಟೇರ್ ಅಂತ. ಹಾರುವಾಗ ಸಮತೋಲನಕ್ಕೆ ಬೇಕು. ಅಲ್ಟ್ರಾಬೈಥೊರ್ಯಾಕ್ಸ್ ಅನ್ನುವ ಹಾಕ್ಸ್ ಪ್ರೋಟೀನ್ ಆ ಖಂಡದಲ್ಲಿ ಇರುವುದರಿಂದ ಅದು ಹಾಲ್ಟೇರ್ ಆಗುತ್ತದೆ. ಅಲ್ಲಿ ಆ ಪ್ರೋಟೀನ್ ಇಲ್ಲದಂತೆ ಮಾಡಿದಾಗ ಎಡ್ವರ್ಡ್ ಲೂಯಿಸ್‌ಗೆ ನಾಲ್ಕು ರೆಕ್ಕೆಯ ನೊಣ ಸಿಕ್ಕಿತು, ಆ ಫೋಟೋ ಜೊತೆಗೆ ತೋರಿಸಿ. ನಮ್ಮ ದೇಶದಲ್ಲಿ ಎಲ್.ಎಸ್. ಶಶಿಧರ ಅವರು ಹಾಲ್ಟೇರ್ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ, ಮೊದಲು ಹೈದರಾಬಾದಿನ ಸಿಸಿಎಂಬಿ ಸಂಶೋಧನಾ ಸಂಸ್ಥೆಯಲ್ಲಿ. ಮಕ್ಕಳಿಗೆ ಅದನ್ನೂ ಹೇಳಿ.

ರಾಮನಗರದ_ರೇಷ್ಮೆ:
ಹಣ್ಣಾದ ಹುಳ ಬೇಕಿದ್ದರೆ ಹೇಳಿ ಸರ್, ಬಸ್ಸಿಗೆ ಹಾಕಿ ಕಳಿಸುತ್ತೇನೆ. ಉಪ್ಪು ನೀರಿನಲ್ಲಿ ಬಿಚ್ಚಿದರೆ ಗ್ರಂಥಿ ಪೂರ್ತಿ ಕಾಣುತ್ತದೆ. ಹಿಂಭಾಗ ಸಣ್ಣಗೆ ಸುರುಳಿ ಸುರುಳಿ, ಮಧ್ಯಭಾಗ ದಪ್ಪ. ಫೈಬ್ರಾಯಿನ್ ಎಲ್ಲಿ, ಸೆರಿಸಿನ್ ಎಲ್ಲಿ ಅಂತ ಬೆರಳಿಟ್ಟು ತೋರಿಸಬಹುದು. ಆದರೆ ಬೇಗ ಹೇಳಿ, ನಾಳಿದ್ದು ಗೂಡು ಕಟ್ಟಲು ಚಂದ್ರಿಕೆಗೆ (ಬಿದಿರಿನ ತಟ್ಟೆಗೆ) ಬಿಡುತ್ತೇವೆ.

ಬೋರ್ಡು_ಚಾಕ್:
ಖಂಡಿತ ಬೇಕು. ನಂಬರ್ ಮೆಸೇಜ್ ಮಾಡಿದ್ದೇನೆ, ನೋಡಿ.